ಮಣ್ಣು ಮುಚ್ಚಿದ ಒಲೆ

“ನಿನ್ನೆ ಬಿದ್ದ ಸಿಡಿಲಿಂದೇ ಕೆಲ್ಸ ಇದು, ಯಜಮಾನ್ರೇ. ಮೇಲಿನ ದಿಣ್ಣೆ ಕಡೆಯಿಂದ ಹುಡುಕ್ತಾ ಬರ್ತೀನಿ,” ಎಂದಳು ರೇಂಜರ್ ಮಾರಿಸೆಲಾ, ಸಲಿಕೆಯನ್ನು ಹೆಗಲಿಗೇರಿಸುತ್ತ.

ಸಿಯೆರಾ ಬೆಟ್ಟದ ಆ ಕೆರೆಯಂಚಿನಿಂದ ಕೆಳಗೆ ನೋಡಿದರೆ, ಪೈನ್ ಮರಗಳ ನಡುವೆ ನೂಲಿನಂಥ ಹೊಗೆ. ಗೆಳೆಯನೊಂದಿಗೆ ಬೆಟ್ಟ ಸುತ್ತಲು ಬಂದಿದ್ದ ಹಾರ್ಲನ್ ಓಟ್ಸ್ ಗಂಜಿಯ ಬಟ್ಟಲನ್ನು ಕೆಳಗಿಟ್ಟ.

ಇವತ್ತಿನಿಂದ ಕಾಡಿನಲ್ಲೆಲ್ಲೂ ಸೌದೆ ಬೆಂಕಿ ಹಚ್ಚುವಂತಿಲ್ಲ ಎಂದು ಹೇಳಲು ಬಂದವಳು ಅವಳು. ಅವನ ಬೆಂಕಿ ಪರವಾನಗಿ ನೋಡಿ, ಇಷ್ಟು ಜೋಪಾನವಾಗಿ ಕಾಗದ ಇಟ್ಟುಕೊಳ್ಳುವವರು ಸಿಕ್ಕರೆ ತನಗೆ ಕೆಲಸವೇ ಇರುವುದಿಲ್ಲ ಎಂದು ನಕ್ಕಿದ್ದಳು. ಆ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮೊನ್ನೆ ಗೆಳೆಯರಿಬ್ಬರೂ ಡೇರೆ ಹಾಕಿದ್ದು ಹೊಗೆಯೇಳುತ್ತಿದ್ದ ಜಾಗದಲ್ಲೇ. ಆಗ ಬೆಂಕಿಗೆ ಅಡ್ಡಿಯಿರಲಿಲ್ಲ. ಆರಿಸುವುದು ಹೇಗೆಂದು ಪರವಾನಗಿ ಕೊಡುವಾಗಲೇ ಪರೀಕ್ಷೆಯಲ್ಲಿ ಕೇಳಿದ್ದರು. ನೀರು ಸುರಿದು, ಕೆದಕಿ, ತಣ್ಣಗಾಗಿದೆಯೇ ಎಂದು ಬೂದಿಗೆ ಕೈಯಿಟ್ಟು ನೋಡಬೇಕು ಎಂಬ ಸರಿಯುತ್ತರ ಕೊಟ್ಟು ಪಾಸಾಗಿದ್ದ. ಆದರೆ ತೊರೆ ಇದ್ದದ್ದು ಕಡಿದಾದ ಇಳಿಜಾರಿನ ಕೆಳಗೆ. ಒಂದು ಸಲ ನೀರು ತಂದ. ಇನ್ನೊಂದು ಸಲ ಇಳಿಯಲು ಮಂಡಿ ಒಪ್ಪಲಿಲ್ಲ. ಕಾಲಿನಿಂದ ಮಣ್ಣೆಳೆದು ಒಲೆ ಮುಚ್ಚಿದ. ಆ ಮಣ್ಣಾದರೂ ಏನು, ಅರ್ಧಕ್ಕರ್ಧ ಪೈನ್ ಎಲೆಗಳ ಪುಡಿ, ಅಡಿಯಲ್ಲೆಲ್ಲ ಒಣಬೇರು; ಕೆಂಡ ಒಳಗೊಳಗೇ ಹರಡಲು ಅಷ್ಟು ಸಾಕು.

ಗೆಳೆಯ ಓಸ್ಟರ್ ಹತ್ತಿರ ಸರಿದು ಪಿಸುಗುಟ್ಟಿದ. “ಬಾಯ್ ಮುಚ್ಕೊಂಡಿರೋ. ಅವ್ಳೇ ಸಿಡಿಲು ಅಂತಿದಾಳೆ. ನೀನ್ಯಾಕೆ ಮೈಮೇಲೆ ಎಳ್ಕೋತೀಯ?”

ಮಾರಿಸೆಲಾ ಹೊರಟೇಬಿಟ್ಟಳು, ದಿಣ್ಣೆಯ ಕಡೆಗೆ. ಆ ದಾರಿಯಲ್ಲಿ ಹೋದರೆ ಹೊಗೆಯ ಬುಡ ಸಿಗುವಷ್ಟರಲ್ಲಿ ಮಧ್ಯಾಹ್ನ, ಗಾಳಿಯೇಳುವ ಹೊತ್ತು. ಹಾರ್ಲನ್ ಅವಳ ಹತ್ತು ಹೆಜ್ಜೆ ಎಣಿಸಿದ. ಹನ್ನೊಂದನೆಯದಕ್ಕೆ ಎದ್ದ.

“ನೋಡಮ್ಮಾ, ಸಿಡಿಲಲ್ಲ ಅದು. ನನ್ ಒಲೆ. ನೀರು ಸಾಲ್ಲಿಲ್ಲ, ಮಣ್ಣು ಮುಚ್ಚಿ ಬಂದೆ.”

ಅವಳು ತಿರುಗಿ ನಿಂತಳು. ನಗು ಹೋಗಿತ್ತು. “ಕೈಯಿಟ್ಟು ನೋಡಿದ್ರಾ?”

“ಇಲ್ಲ.”

“ಯಾವ ಮರದ ಬುಡದಲ್ಲಿ ಹಚ್ಚಿದ್ರಿ?”

“ತೊರೆ ಕಡೆ ವಾಲಿದೆಯಲ್ಲ, ದೊಡ್ಡದು. ತೋರಿಸ್ತೀನಿ.”

“ಕೇಸು ಬರ್ಕೊಳ್ಳೋದು ಆಮೇಲೆ. ಮುಂದೆ ನಡೀರಿ.” ಅವಳು ವೈರ್‌ಲೆಸ್ಸಿನಲ್ಲಿ ಆ ಮರದ ಗುರುತು ಹೇಳತೊಡಗಿದಳು.

ಓಸ್ಟರ್ ಯಾರ ಮುಖವನ್ನೂ ನೋಡಲಿಲ್ಲ. ಕೆರೆಗಿಳಿದು ತಮ್ಮಿಬ್ಬರ ನೀರಿನ ಚೀಲಗಳನ್ನೂ ಬಾಯಿತನಕ ತುಂಬಿ, ಎರಡನ್ನೂ ತನ್ನ ಹೆಗಲಿಗೇ ಹಾಕಿಕೊಂಡು ಅವರ ಹಿಂದೆ ಹೊರಟ.