ಚೊಂಗ್‌ಚಿಂಗ್ ವೇದಿಕೆಯಲ್ಲಿ ಚೆಂಗ್ಡು ಹಾಡು

ರಾನ್ ಯುಫೆನ್ ಹಳೆಯ ಪೈಪೋಟಿಯ ಪಕ್ಕದೂರು ಚೆಂಗ್ಡುವಿನಿಂದ ಸೊಸೆಯಾಗಿ ಚೊಂಗ್‌ಚಿಂಗ್‌ಗೆ ಬಂದು ಮೂವತ್ತೊಂದು ವರ್ಷವಾಗಿತ್ತು. ಇಲ್ಲಿಯವರಂತೆ ಬೆವರಿಳಿಯುವಷ್ಟು ಖಾರ ತಿನ್ನುವುದನ್ನು ಕಲಿತಿದ್ದಳು, ಕೂಗಿ ಮಾತಾಡುವುದನ್ನೂ ಕಲಿತಿದ್ದಳು. ಆದರೂ ಬೀದಿಯ ಹೆಂಗಸರ ಹಾಡು-ಕುಣಿತದ ತಂಡದಲ್ಲಿ ಅವಳ ಜಾಗ ಹಿಂದಿನ ಸಾಲಿನ ಕೊನೆಯಲ್ಲೇ.

ಈ ಸಲ ನದಿದಂಡೆಯಲ್ಲಿ ನಗರದ ಹಾಡುಗಳ ಸ್ಪರ್ಧೆ. ಒಂದೊಂದು ಬೀದಿಯವರೂ ಚೊಂಗ್‌ಚಿಂಗನ್ನು ಹೊಗಳುವ ಒಂದು ಹಾಡನ್ನು ಇಲ್ಲಿಯದೇ ರಾಗದಲ್ಲಿ ಹಾಡಬೇಕು. ಹಿಂದಿನ ದಿನವೇ ತಂಡದ ನಾಯಕಿ ಪೆಂಗ್ ಅಕ್ಕನ ಗಂಟಲು ಕಟ್ಟಿತು. ಮೊದಲ ಚರಣವನ್ನು ಒಬ್ಬಳೇ ಹಾಡಬಲ್ಲವಳು ಇನ್ನು ಯುಫೆನ್ ಮಾತ್ರ.

"ಕೆಡಿಸಿದ್ಯೋ, ಸಾಯೋವರೆಗೂ ಹಿಂದಿನ ಸಾಲೇ ನಿಂಗೆ, ಚೆಂಗ್ಡು ಹುಡುಗಿ," ಎಂದು ಪೆಂಗ್ ಅಕ್ಕ ಪಿಸುಗುಟ್ಟಿದಳು.

"ಐವತ್ತೇಳಕ್ಕೆ ಹುಡುಗಿ ಅಂದ್ರಲ್ಲ, ಅಷ್ಟೇ ಸಾಕಕ್ಕ."

ತಂಡದ ಹೊಸ ಧ್ವನಿಪೆಟ್ಟಿಗೆಗೆ ಚಂದದ ಚಕ್ರಗಳಿದ್ದವು. ಮೆಟ್ಟಿಲೇ ಬೀದಿಯಾದ ಊರಿನಲ್ಲಿ ಅವುಗಳಿಂದೇನು ಉಪಯೋಗ? ಹೊರೆ ಹೊತ್ತೇ ಸಂಸಾರ ಸಾಕಿದ್ದ ಯುಫೆನ್‌ಳ ಗಂಡ ಲಾವೋ ತಾನ್ ಅದನ್ನು ಬಿದಿರಿನ ಗಳುವಿಗೆ ಕಟ್ಟಿ ಇನ್ನೂರು ಮೆಟ್ಟಿಲು ಇಳಿಸಿದ.

ವೇದಿಕೆ ಹತ್ತಿದ ಯುಫೆನ್ ತನ್ನ ಫೋನಿನಲ್ಲಿ ಸಂಗೀತ ಒತ್ತಿದಳು. ಮೊದಲ ಸ್ವರಕ್ಕೇ ಅವಳಿಗೆ ತಪ್ಪು ಗೊತ್ತಾಯಿತು. ದಿನಾ ಅಡುಗೆಮನೆಯಲ್ಲಿ ಈರುಳ್ಳಿ ಸೊಪ್ಪು ಹೆಚ್ಚುವಾಗ ಕದ್ದು ಹಾಕಿಕೊಂಡು, ತಾನೇ ಪದ ಹೇಳಿಕೊಳ್ಳುತ್ತಿದ್ದ ತವರಿನ ಹಾಡಿನ ಸಂಗೀತ ಅದು! ಜಿಟಿಜಿಟಿ ಮಳೆ, ಬಿದಿರಿನ ಕುರ್ಚಿ, ಚಹಾ ಗುಟುಕರಿಸುತ್ತ ಕೂರುವ ಚೆಂಗ್ಡು. ನಿಲ್ಲಿಸಲು ಹೋದಳು. ಬೆರಳಲ್ಲಿ ಬೆಳಗಿನ ಮೆಣಸಿನೆಣ್ಣೆಯ ಜಿಡ್ಡು. ಫೋನು ಜಾರಿ ಹಲಗೆಗಳ ಸಂದಿಯಲ್ಲಿ ಮಾಯವಾಯಿತು; ಧ್ವನಿಪೆಟ್ಟಿಗೆ ಮಾತ್ರ ನುಡಿಯುತ್ತಲೇ ಇತ್ತು.

"ಏಯ್, ಇದು ಚೆಂಗ್ಡು ಹಾಡು ಕಣ್ರೋ!" ನೆರೆದ ಜನರಿಂದ ಕೂಗು ಎದ್ದಿತು.

"ಸಪ್ಪೆ ಸಾರಿನೋರು ನಮ್ ವೇದಿಕೆ ಹತ್ತವ್ರೆ!"

"ಗಂಟೆಗೊಂದು ರೈಲದೆ, ಹತ್ಕೊಂಡು ಹೋಗಮ್ಮಾ!"

ಪೆಂಗ್ ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹಾಡು ಎತ್ತುವ ಜಾಗ ಬಂದೇಬಿಟ್ಟಿತು. ಹಿಂದಿನ ಸಾಲು ಹೇಗೂ ಖಾಯಂ ಆಯಿತು ಎಂದುಕೊಂಡ ಯುಫೆನ್ ಬಾಯಿ ತೆರೆದಳು. ರಾಗ ತವರಿನದು, ಬಂದ ಮಾತು ಮಾತ್ರ ಬೇರೆ:

"ಎರಡು ನದಿ ಕೂಡೋ ಊರು, ಏದುಸಿರು ಬಿಡಿಸೋ ಊರು, ಮೊಣಕಾಲು ಸವೆದರೂನೂ ನಾ ಹತ್ತಿ ಬಂದ ಊರು..."

ಯಾರೋ ಕಿಸಕ್ಕೆಂದರು. ಸಮತಟ್ಟಾದ ಊರಿನ ನಿಧಾನದ ರಾಗ ಅದು. ಇಲ್ಲಿಯವರಿಗೆಲ್ಲಿ ಆ ತಾಳ್ಮೆ? ಲಾವೋ ತಾನ್ ಗಳುವಿನಿಂದ ಮೆಟ್ಟಿಲು ಕುಟ್ಟಿದ, ಟಕ್ ಟಕ್ ಟಕ್. ಜನ ಚಪ್ಪಾಳೆಯಲ್ಲಿ ಆ ತಾಳ ಹಿಡಿದರು. ಹಾಡು ಸಂಗೀತವನ್ನು ಹಿಂದೆ ಬಿಟ್ಟು ಓಡಿತು.

"ನೂಡಲ್ಸ್ ಬಿಟ್ಟೆಯಲ್ಲೇ!"

ನೂಡಲ್ಸ್ ಸೇರಿಸಿದಳು.

"ಮಂಜು ಹಾಕು, ಮಂಜು!"

ಮಂಜೂ ಬಂತು.

"ನಮ್ಮತ್ತೆ ಬಾಯಿ!"

"ಅತ್ತೆ ಬಾಯಿ ಖಾರಕ್ಕಿಂತ ಮೆಣಸೇ ತಂಪಾದ ಊರು..."

ತಂಡದ ಹೆಂಗಸರು ನಗುತ್ತಲೇ ಕುಣಿದರು. ಪೆಂಗ್ ಅಕ್ಕನ ಕಟ್ಟಿದ ಗಂಟಲೂ ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟಿ ಜೊತೆಗೂಡಿತು. ಒಬ್ಬ ಅಜ್ಜನಂತೂ ಟೋಪಿ ಎಸೆದು ಎಸೆದು ಕೊನೆಗೆ ಅದನ್ನು ನದಿಗೇ ಕೊಟ್ಟ.

ತೀರ್ಪುಗಾರ ಕಣ್ಣೊರೆಸಿಕೊಂಡು ಹೇಳಿದ: "ನಿಯಮ ಅಂದ್ರೆ ನಿಯಮ. ಪಕ್ಕದೂರಿನ ರಾಗಕ್ಕೆ ಬಹುಮಾನ ಇಲ್ಲ."

ಮರುದಿನ ಬೆಳಿಗ್ಗೆ ಅಭ್ಯಾಸದ ಹೊತ್ತಿಗೆ ಯುಫೆನ್, ಹಲಗೆಯಡಿಯಿಂದ ಹೆಕ್ಕಿದ ಫೋನು ಹಿಡಿದು, ತಲೆ ತಗ್ಗಿಸಿಕೊಂಡು ಹಿಂದಿನ ಸಾಲಿನ ಕೊನೆಗೆ ನಡೆದಳು. ಅಲ್ಲಿ ಯಾರೋ ನಿಂತಿದ್ದರು. ಅತ್ತ ಕೊನೆಯಲ್ಲೂ ಜಾಗವಿಲ್ಲ.

"ಅಲ್ಲೇನೇ ತಡಕಾಡ್ತಿದ್ದೀಯ?" ಪೆಂಗ್ ಅಕ್ಕನ ಒಡಕು ದನಿ ಮುಂದಿನ ಸಾಲಿನಿಂದ ಬಂತು. ಅವಳು ಸ್ವಲ್ಪ ಸರಿದು ತನ್ನ ಪಕ್ಕದ ನೆಲವನ್ನು ಕಾಲಿನಿಂದ ತಟ್ಟಿದಳು. "ಬಾ ಇಲ್ಲಿ, ನಮ್ಮೂರ ಹುಡುಗಿ. ಆ ಸೋಂಬೇರಿ ಹಾಡು ಹಾಕು, ಓಡಿಸೋಣ."