ಕತ್ತಿ ಇಡಲು ಜಾಗ

ಅವನು ಮಾಂಸದ ಅಂಗಡಿಯವನು. ಆದರೆ ಬೀದಿಯ ಜನ ಅವನನ್ನು ಡಾಕ್ಟ್ರು ಅಂತಲೇ ಕರೆಯುತ್ತಿದ್ದರು. ಆಸ್ಪತ್ರೆಗೆ ಹೋಗಿ ಬಂದವರು, ಅಲ್ಲಿ ಹೇಳಿದ್ದು ತಲೆಗೆ ಹತ್ತದೆ, ಸೀದಾ ಅವನ ಅಂಗಡಿ ಮುಂದೆ ಬಂದು ನಿಲ್ಲುತ್ತಿದ್ದರು. ಕಿಡ್ನಿಯಲ್ಲಿ ಕಲ್ಲು ಅಂದರೆ ಏನು ಅಂತ ಕೇಳಿದವನಿಗೆ ಅವನು ಕುರಿಯ ಕಿಡ್ನಿಯನ್ನು ಉದ್ದಕ್ಕೆ ಸೀಳಿ, ಉಚ್ಚೆ ಇಳಿಯುವ ಕೊಳವೆ ಎಲ್ಲಿ ಶುರುವಾಗುತ್ತದೆ, ಕಲ್ಲು ಎಲ್ಲಿ ಸಿಕ್ಕಿಕೊಂಡರೆ ಮನುಷ್ಯ ನೆಲದ ಮೇಲೆ ಹೊರಳಾಡುತ್ತಾನೆ ಅಂತ ಬೆರಳಿಟ್ಟು ತೋರಿಸುತ್ತಿದ್ದ. ವಾಲ್ವ್ ಕೆಟ್ಟಿದೆಯಂತೆ ಅಂದ ಮುದುಕನೊಬ್ಬನಿಗೆ ಗುಂಡಿಗೆಯನ್ನೇ ಬಿಚ್ಚಿ, ಒಳಗಿನ ಬಿಳೀ ಪರದೆಗಳನ್ನು ಚೂರಿಯ ತುದಿಯಲ್ಲಿ ಎತ್ತಿ ಹಿಡಿದು, ಇದು ಬಾಗಿಲು ತಾತ, ರಕ್ತ ದಾಟಿದ ಮೇಲೆ ಮುಚ್ಚಿಕೊಳ್ಳಬೇಕು, ನಿಮ್ಮದು ಮುಚ್ಚುತ್ತಿಲ್ಲ ಅಂದಿದ್ದ. ಮನೆಯಲ್ಲಿ ಹೆಂಡತಿ ಮಕ್ಕಳೇ ನನ್ನ ಮಾತು ಕೇಳಲ್ಲ, ಇನ್ನು ಬಾಗಿಲು ಕೇಳುತ್ತಾ ಅಂತ ಮುದುಕ ಆ ಗುಂಡಿಗೆಯನ್ನೇ ಕಟ್ಟಿಸಿಕೊಂಡು ಹೋಗಿದ್ದ.

ಈ ಹೆಸರು ಅವನಿಗೆ ಹಿಡಿಸಿತ್ತು. ಅದಕ್ಕಿಂತ ಹೆಚ್ಚಾಗಿ ಅವನ ಅಕ್ಕನಿಗೆ ಹಿಡಿಸಿತ್ತು. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ, ಬೈದು ಬಡಿದು ಬೆಳೆಸಿದವಳು ಅವಳೇ. ಶಾಲೆ ಬಿಟ್ಟು ಬೀದಿ ಅಲೆಯುತ್ತಿದ್ದವನನ್ನು ಕಿವಿ ಹಿಡಿದು ಮಾಂಸದ ಅಂಗಡಿಯ ಕೆಲಸಕ್ಕೆ ಸೇರಿಸಿದವಳೂ ಅವಳೇ. ಗಂಡ ಹೋದ ಮೇಲೆ ಮಗಳನ್ನು ಕಟ್ಟಿಕೊಂಡು ಅಂಗಡಿಯ ಮೇಲಿನ ಕೋಣೆಗಳಿಗೆ ಬಂದು, ಅಲ್ಲೇ ಮೇಜು ಹಾಕಿಕೊಂಡು ಜನರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಕೆಳಗೆ ಇವನ ಮಚ್ಚಿನ ಸದ್ದು, ಮೇಲೆ ಅವಳ ಇಸ್ತ್ರಿಪೆಟ್ಟಿಗೆ ಮೇಜಿಗೆ ಬೀಳುವ ಸದ್ದು. ಒಂದು ನಿಂತರೆ ಇನ್ನೊಂದಕ್ಕೆ ಗೊತ್ತಾಗುತ್ತಿತ್ತು.

ಮೇಲಿನ ಸದ್ದು ಆಗಾಗ ನಿಲ್ಲತೊಡಗಿತು. ಬಲಗಡೆ ಪಕ್ಕೆಯ ಕೆಳಗೆ ಹಿಡಿದುಕೊಳ್ಳುತ್ತದೆ ಅಂದಳು. ಮೈ ಇಳಿಯಿತು, ಹೊಟ್ಟೆ ಮಾತ್ರ ಏರಿತು. ಕಣ್ಣಿನ ಬಿಳಿ ಹಳದಿಯಾದಾಗ ಅವನೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ರಕ್ತ ತೆಗೆದರು, ಸ್ಕ್ಯಾನಿಂಗ್ ಮಾಡಿದರು, ಸೂಜಿ ಹಾಕಿ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸಿದರು. ಎಲ್ಲ ಬಂದ ಮೇಲೆ ಡಾಕ್ಟರಮ್ಮ ಹೇಳಿದ್ದು ಇಷ್ಟು: ಕ್ಯಾನ್ಸರ್ ಶುರುವಾದದ್ದು ದೊಡ್ಡ ಕರುಳಿನಲ್ಲಿ, ಈಗ ಲಿವರ್‌ಗೆ ಹರಡಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಕೀಮೋ ತಡೆದುಕೊಳ್ಳುವ ಶಕ್ತಿ ಅವರ ಮೈಯಲ್ಲಿ ಉಳಿದಿಲ್ಲ, ನೋವಿಗೆ ಮಾರ್ಫಿನ್ ಮಾತ್ರೆ ಬರೆದುಕೊಡುತ್ತೇನೆ.

ಅಕ್ಕ ಇದನ್ನು ನಂಬಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು, ಆ ಹುಡುಗಿ ಪುಸ್ತಕದಲ್ಲಿ ನೋಡಿರೋಳು, ನನ್ನ ತಮ್ಮ ದಿನಾ ಕೈಯಲ್ಲಿ ಹಿಡಿದು ನೋಡಿರೋನು, ಅವನೇ ನೋಡಿ ಹೇಳಲಿ ಅಂದುಬಿಟ್ಟಳು. ಪಕ್ಕದಲ್ಲಿ ನಿಂತಿದ್ದ ಅವಳ ಮಗಳೂ, ಹೋಗಿ ಮಾವ, ನೀವು ಕೇಳಿದ್ರೆ ಸರಿಯಾಗಿ ಹೇಳ್ತಾರೆ ಅಂದಳು.

ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಾಗಿಲು ದೂಡಿಕೊಂಡು ಒಳಗೆ ಹೋದ. ಲಿವರ್‌ನಲ್ಲಿ ಕೆಟ್ಟ ಜಾಗ ಇದ್ದರೆ ಕೊಯ್ದು ತೆಗೆಯಲು ಏನು ರೋಗ ನಿಮಗೆ ಅಂತ ಕೇಳಿದ. ತನ್ನ ಅಂಗಡಿಗೆ ಬರುವ ಲಿವರ್‌ಗಳಲ್ಲಿ ವಾರಕ್ಕೊಂದಾದರೂ ಗಂಟು ಕಟ್ಟಿದ್ದು, ಬಿಳಿಚಿದ್ದು ಇರುತ್ತದೆ, ಅಷ್ಟನ್ನು ತೆಗೆದರೆ ಉಳಿದದ್ದು ಹೂವಿನ ಹಾಗಿರುತ್ತದೆ, ಕುರಿಗೆ ಆಗುವುದು ಮನುಷ್ಯರಿಗೆ ಯಾಕಾಗುವುದಿಲ್ಲ ಅಂತ ಮೇಜು ಗುದ್ದಿದ. ನರ್ಸ್ ಓಡಿಬಂದಳು. ಡಾಕ್ಟರಮ್ಮ ಅವಳನ್ನು ಕೈಸನ್ನೆಯಲ್ಲೇ ಹೊರಗೆ ಕಳಿಸಿ, ಅವನ ಕೈಯನ್ನು ನೋಡಿದಳು. ಉಗುರಿನ ಸಂದಿಯ ಕೆಂಪು ಎಷ್ಟು ತೊಳೆದರೂ ಹೋಗುವಂಥದ್ದಲ್ಲ.

"ಬನ್ನಿ, ಈ ಕಡೆ ಬಂದು ನಿಂತು ನೋಡಿ," ಅಂದಳು.

ಕಂಪ್ಯೂಟರ್ ಪರದೆಯನ್ನು ಅವನ ಕಡೆ ತಿರುಗಿಸಿದಳು. ಮೈಯನ್ನು ಅಡ್ಡಕ್ಕೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಜೋಡಿಸಿದ ಹಾಗೆ ಅಂತ ತಿಳಿದುಕೊಳ್ಳಿ, ನೀವು ಪಾದದ ಕಡೆ ನಿಂತು ನೋಡುತ್ತಿದ್ದೀರಿ, ಆದ್ದರಿಂದ ಅವರ ಬಲಗಡೆ ನಿಮಗೆ ಎಡಗಡೆ ಕಾಣುತ್ತದೆ ಅಂದಳು. ಹೆಚ್ಚು ಹೇಳುವ ಅಗತ್ಯವೇ ಬೀಳಲಿಲ್ಲ. ನಡುವೆ ಬೆನ್ನುಮೂಳೆಯ ಬಿಲ್ಲೆ, ಅದರ ಎರಡೂ ಮಗ್ಗುಲಿಗೆ ಕಿಡ್ನಿ, ಸುತ್ತ ಪಕ್ಕೆಲುಬಿನ ತುಂಡುಗಳು. ಅವನು ದಿನವೂ ಕಾಣುವ ಒಡಲೇ. ಡಾಕ್ಟರಮ್ಮ ಬೆರಳಾಡಿಸುತ್ತ ಒಂದೊಂದೇ ಬಿಲ್ಲೆ ಮೇಲೇರಿಸಿದಳು. ಲಿವರ್ ಬಂತು. ಅದರೊಳಗೆ ಗುಂಡಗೆ, ಮಬ್ಬಾಗಿ, ಒಂದು ಮಚ್ಚೆ. ಅದರ ಪಕ್ಕ ಇನ್ನೊಂದು. ಮುಂದಿನ ಬಿಲ್ಲೆಯಲ್ಲಿ ಖಾಲಿ ಸಿಗುತ್ತದೆ ಅಂತ ಕಾದ. ಸಿಗಲಿಲ್ಲ. ಎಡಗಡೆಯ ಭಾಗವಾದರೂ ಇದೆಯಲ್ಲ ಅಂದುಕೊಂಡ. ಅಲ್ಲಿಯೂ ಹುಣಸೆಬೀಜ ಚೆಲ್ಲಿದ ಹಾಗೆ.

ಕರುಳಿಗೆ ಹೋದ ರಕ್ತವೆಲ್ಲ ವಾಪಸು ಹೋಗುವಾಗ ಮೊದಲು ಲಿವರ್‌ಗೇ ಬರುತ್ತದೆ, ಆ ರಕ್ತನಾಳದ ಜಾಡು ಹಿಡಿದೇ ಕ್ಯಾನ್ಸರೂ ಬಂದಿದೆ, ಇದಕ್ಕೆ ಮೆಟಾಸ್ಟಾಸಿಸ್ ಅನ್ನುತ್ತಾರೆ ಅಂತ ಡಾಕ್ಟರಮ್ಮ ಹೇಳಿದಳು. ಹೊಟ್ಟೆ ಊದಿರುವುದು ಕೊಬ್ಬಿನಿಂದಲ್ಲ, ಲಿವರ್ ಸೋತು ನೀರು ನಿಂತಿರುವುದು ಅಂದಳು. ಆ ರಕ್ತನಾಳ ಅವನಿಗೆ ಗೊತ್ತಿತ್ತು. ಕಿರುಬೆರಳಿನಷ್ಟು ದಪ್ಪ, ಎಷ್ಟು ಸಲ ಕತ್ತರಿಸಿಲ್ಲ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ಒಂದು ಭಾಗದಲ್ಲಿ ಮಾತ್ರ ಇದ್ದಿದ್ರೆ ನಾವೂ ಕೊಯ್ತಾ ಇದ್ವಿ. ಲಿವರ್ ಮತ್ತೆ ಬೆಳ್ಕೊಳ್ಳುತ್ತೆ. ಆದ್ರೆ ಬೆಳೆಯೋಕೆ ಒಂದಿಷ್ಟು ಚೆನ್ನಾಗಿರೋದು ಉಳೀಬೇಕಲ್ಲ?"

ಇಂಥ ಲಿವರನ್ನೂ ಅವನು ನೋಡಿದ್ದ. ಅಪರೂಪಕ್ಕೊಮ್ಮೆ ಸಿಗುತ್ತಿತ್ತು. ಆಗ ಅವನು ಚೂರಿ ಕೈಗೆತ್ತಿಕೊಳ್ಳುತ್ತಲೂ ಇರಲಿಲ್ಲ.

ಅವನು ಹೊರಗೆ ಬಂದ. ಅಕ್ಕ ಬೆಂಚಿನಿಂದ ಅರ್ಧ ಎದ್ದು ಅವನ ಮುಖ ನೋಡಿದಳು. ಆಗ ಬಾಯಿಂದ ಬಂದದ್ದು, ದಿನಾ ಗಿರಾಕಿಗಳಿಗೆ ಹೇಳುತ್ತಿದ್ದ ಅದೇ ಸಲೀಸಾದ ದನಿ.

"ಒಂದು ಮೂಲೇಲಿ ಇದೆ ಅಕ್ಕ. ಅಷ್ಟು ತೆಗೆದ್ರೆ ಮುಗೀತು. ಈ ಆಸ್ಪತ್ರೇಲಿ ಅಂಥ ಕೈ ಇಲ್ಲ ಅಷ್ಟೆ."

ಹೇಡಿಗಳು ಸುಳ್ಳು ಹೇಳುತ್ತಾರೆ ಅನ್ನುವುದು ಸುಲಭ. ಅವನು ಹೇಡಿಯಲ್ಲ. ಎದುರಿಗಿದ್ದ ಆ ಹಳದಿ ಕಣ್ಣನ್ನು ನೋಡುತ್ತ ಬೇರೆ ಮಾತು ಆಡಲು ಅವನಿಂದ ಆಗಲಿಲ್ಲ. ಆಗದೆ ಹೋದದ್ದು ತಪ್ಪೇ. ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಅಂಥ ಕೈ ಎಲ್ಲಿದೆ ಅಂತ ಸೋದರ ಸೊಸೆ ಹುಡುಕಿಕೊಂಡು ಹೊರಟಳು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ಮಡಿಸುವ ಹುಡುಗಿ, ಹಟಮಾರಿ. ಕೊನೆಗೆ ಊರಾಚೆ ಒಂದು ಖಾಸಗಿ ಆಸ್ಪತ್ರೆಯ ಸರ್ಜನ್ ಸಿಕ್ಕ. ಅವನು ಸ್ಕ್ಯಾನನ್ನು ಬೆಳಕಿಗೆ ಹಿಡಿದು ಅರೆಗಳಿಗೆ ನೋಡಿ, ತೆರೆದು ನೋಡೋಣ ಅಂದನಂತೆ. ತೆರೆದು ನೋಡುವುದಕ್ಕೆ ಹೆಂಗಸಿನ ಹೊಟ್ಟೆಯೇನು ಟ್ರಂಕೇ? ಆದರೆ ಆ ಮಾತು ಹಿಡಿದುಕೊಂಡೇ ತಾಯಿ ಮಗಳು ಕುಣಿದಾಡಿದರು. ಆಪರೇಷನ್ನಿಗೆ ದಿನ ಗೊತ್ತಾಯಿತು.

ಅಲ್ಲಿಂದ ಅಕ್ಕ ಬದಲಾದಳು. ಸೇರದ ಊಟವನ್ನು ಮೂಗು ಮುಚ್ಚಿಕೊಂಡು ನುಂಗಿದಳು, ಮೈಯಲ್ಲಿ ರಕ್ತ ಆಗಬೇಕಲ್ಲ ಅಂತ. ವಾಂತಿಯಾದರೆ ಬಾಯಿ ತೊಳೆದುಕೊಂಡು ಮತ್ತೆ ಕೂತಳು. ದೊಡ್ಡಾಸ್ಪತ್ರೆಯವರು ಕೊಟ್ಟ ಮಾರ್ಫಿನ್ ಮಾತ್ರೆಯನ್ನು ಮಾತ್ರ ಮುಟ್ಟಲಿಲ್ಲ. ಅದು ಸಾಯೋರಿಗೆ ಕೊಡೋದು, ನಾನು ಬದುಕೋಳು, ಆಪರೇಷನ್ನಿಗೆ ಮೊದಲು ಅಮಲು ಏರಿಸಿಕೊಂಡು ಮೈ ಕೆಡಿಸಿಕೊಳ್ಳಲಾ ಅಂತ ಮಗಳ ಮೇಲೆ ರೇಗಿದಳು. ನೋವು ಬಂದಾಗ ಇಸ್ತ್ರಿ ಮೇಜಿನ ದಪ್ಪ ಬಟ್ಟೆಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಆದರೂ ನರಳಾಟ ಕೆಳಗೆ ಕೇಳುತ್ತಿತ್ತು. ಇವನು ಅಂಗಡಿಯಲ್ಲಿ ಮಚ್ಚನ್ನು ಬೇಕೆಂದೇ ಜೋರಾಗಿ ಕುಟ್ಟುತ್ತಿದ್ದ. ಎಲುಬು ಪುಡಿಯಾಗುತ್ತೆ ಮಾರಾಯ, ನಾನೇನು ನಾಯಿಗೆ ಹಾಕಬೇಕಾ ಅಂತ ಗಿರಾಕಿಯೊಬ್ಬ ಬೈದು ಹೋದ. ಮೆಟ್ಟಿಲು ಹತ್ತಿ ಹೋಗಿ ನಿಜ ಹೇಳಿಬಿಡಬೇಕು ಅಂತ ದಿನಕ್ಕೆ ಹತ್ತು ಸಲ ಅನಿಸುತ್ತಿತ್ತು. ಒಂದು ಸಲವೂ ಕಾಲು ಏಳಲಿಲ್ಲ.

ಆಪರೇಷನ್ನಿನ ಹಿಂದಿನ ದಿನ, ಗಿರಾಕಿಗಳಿಲ್ಲದ ಮಧ್ಯಾಹ್ನ, ಅಕ್ಕನೇ ಗೋಡೆಗೆ ಒರಗಿಕೊಂಡು ಮೆಟ್ಟಿಲಿಳಿದು ಬಂದಳು. ಹೊಟ್ಟೆ ಒಂದು ಕೈಯಲ್ಲಿ, ಸೆರಗು ಇನ್ನೊಂದು ಕೈಯಲ್ಲಿ. ಅಂಗಡಿಯ ಸ್ಟೂಲಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡಳು.

"ನಾಳೆ ಅವರು ಎಲ್ಲಿ ಕೊಯ್ತಾರೆ, ತೋರ್ಸು. ಊರಿಗೆಲ್ಲ ತೋರಿಸ್ತೀಯ, ನನಗೆ ಒಂದಿನ ತೋರಿಸ್ಲಿಲ್ಲ."

ಬೇಡ ಅಕ್ಕ, ನೊಣ ಇದೆ, ವಾಸನೆ ಇದೆ, ಆಮೇಲೆ ವಾಂತಿ ಆಗುತ್ತೆ ಅಂತ ಏನೇನೋ ಹೇಳಿದ. ಅವಳು ಏಳಲಿಲ್ಲ. ಶ್ವಾಸಕೋಶ, ಗುಂಡಿಗೆ, ಲಿವರ್ ಒಂದೇ ಗೊಂಚಲಾಗಿ ಕೊಕ್ಕೆಯಲ್ಲಿ ತೂಗುತ್ತಿದ್ದವು. ಲಿವರನ್ನು ಬಿಡಿಸಿ ಕೊರಡಿನ ಮೇಲಿಟ್ಟ. ಬೆಳಗ್ಗೆ ತಂದದ್ದು, ಕಡುಗೆಂಪು, ಹೊಳೆಯುತ್ತಿತ್ತು. ಇದು ಬಲಭಾಗ, ದೊಡ್ಡದು, ಇದು ಎಡಭಾಗ, ಈ ಹಸಿರು ಚೀಲ ಪಿತ್ತಕೋಶ ಅಂದ. ಅಲ್ಲಿಯವರೆಗೆ ನಾಲಿಗೆ ಹೊರಳಿತು. ಚೂರಿ ಎತ್ತಿ ಅಂಚಿನ ಮೇಲಿಟ್ಟ. ತೆಗೆದು ಸ್ವಲ್ಪ ಒಳಗೆ ಇಟ್ಟ. ಅಲ್ಲಿಂದಲೂ ತೆಗೆದ. ಪರದೆಯ ಮೇಲೆ ಕಂಡ ಮಚ್ಚೆಗಳು ಒಂದೊಂದೂ ಆ ನುಣುಪಾದ ಲಿವರಿನ ಮೇಲೆ ಬಂದು ಕೂತ ಹಾಗೆ, ಕತ್ತಿ ಇಡಲು ಅವನಿಗೆ ಜಾಗವೇ ಸಿಗಲಿಲ್ಲ.

ಅಕ್ಕ ಚೂರಿಯನ್ನು ನೋಡುತ್ತಿರಲಿಲ್ಲ. ಅವನ ಮಣಿಕಟ್ಟನ್ನು ನೋಡುತ್ತಿದ್ದಳು.

"ಪುಟ್ಟಾ, ನಂದ್ರಲ್ಲಿ ಚೆನ್ನಾಗಿರೋದು ಎಷ್ಟಿದೆಯೋ?"

ಅವನು ಚೂರಿಯನ್ನು ಕೊರಡಿನ ಮೇಲೆ ಇಟ್ಟುಬಿಟ್ಟ.

"ಇಂಥದ್ದು ನಿನ್ನ ಅಂಗಡಿಗೆ ಬಂದಿದ್ರೆ ಏನ್ ಮಾಡ್ತಿದ್ದೆ?"

"ತೊಟ್ಟಿಗೆ ಹಾಕ್ತಿದ್ದೆ ಅಕ್ಕ."

ಹೊರಗೆ ಯಾರೋ ಬಂದು ಅರ್ಧ ಕಿಲೋ ಅಂದರು. ಇಲ್ಲ, ಮುಚ್ಚಿದೆ ಅಂತ ಅವನು ಅರ್ಧ ಶಟರ್ ಎಳೆದ. ತಿರುಗಿ ಬಂದಾಗ ಅಕ್ಕ ಅಳುತ್ತಿರಲಿಲ್ಲ. ಹಾಗಾದರೆ ನಾಳೆ ಹೋಗುವುದು ಬೇಡ ಅಂದಳು. ನಿನ್ನ ಕೊರಡಿನ ಮೇಲೆ ಕೊಯ್ಸಿಕೊಂಡದ್ದು ಯಾವುದಾದರೂ ಎದ್ದು ಮನೆಗೆ ಹೋಗಿದ್ದುಂಟಾ ಅಂತ ನಗಲು ನೋಡಿದಳು. ನಗು ನೋವಾಗಿ ಮಗ್ಗುಲಿಗೆ ಬಾಗಿದಳು. ನೋವು ದಾಟುವವರೆಗೆ ಅವನ ಅಂಗಿ ಹಿಡಿದುಕೊಂಡೇ ಇದ್ದಳು. ಆಮೇಲೆ ತಲೆ ಎತ್ತಿದಾಗ, ಅವಳು ತನ್ನ ಮೇಲೆ ಸಿಟ್ಟಾದದ್ದನ್ನು ಅವನು ಎಷ್ಟೋ ವರ್ಷಗಳ ನಂತರ ನೋಡಿದ.

"ಮತ್ತೆ ಇಷ್ಟು ದಿನ ಈ ನೋವು ಯಾಕೋ ತಿನ್ನಿಸ್ದೆ ನನಗೆ?"

ಸಾಯುತ್ತೀಯ ಅನ್ನುವುದನ್ನು ಮುಚ್ಚಿಟ್ಟದ್ದಕ್ಕೆ ಅವಳು ಬೈಯಲಿಲ್ಲ. ಬಟ್ಟೆ ಕಚ್ಚಿಕೊಂಡು ಬಿದ್ದಿದ್ದ ಆ ದಿನಗಳ ಲೆಕ್ಕ ಕೇಳಿದಳು. ಅವನು ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಹೊಟ್ಟೆಯ ನೀರಿನ ಭಾರ ಬಿಟ್ಟರೆ ಆ ಮೈಯಲ್ಲಿ ಬೇರೇನೂ ಉಳಿದಿರಲಿಲ್ಲ. ಮಾತ್ರೆ ಕೊಟ್ಟ, ನೀರು ಕುಡಿಸಿದ. ಬೆನ್ನಿಗೆ ದಿಂಬು ಒತ್ತಿಟ್ಟು ಪಕ್ಕದಲ್ಲಿ ಕೂತ. ಮೊದಲು ಮುಷ್ಟಿ ಸಡಿಲವಾಯಿತು. ಆಮೇಲೆ ಹುಬ್ಬು. ಎಷ್ಟೋ ದಿನದಿಂದ ಕಚ್ಚಿಕೊಂಡೇ ಇದ್ದ ದವಡೆ ಬಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡಿತು. ನಿದ್ದೆ ಬಂತು.

ಸೋದರ ಸೊಸೆ ಬಂದಾಗ ಅವಳ ಎರಡೂ ಕೈ ತುಂಬ ಚೀಲ. ಆಸ್ಪತ್ರೆಗೆ ಅಂತ ಹೊಸ ಟವೆಲು, ಫ್ಲಾಸ್ಕು, ಅಮ್ಮನಿಗೆ ಮುಂದೆ ಗುಂಡಿ ಇರುವ ಸಡಿಲ ನೈಟಿ. ಅವನು ಅವಳನ್ನು ಅಡುಗೆ ಮನೆಗೆ ಕರೆದು, ಪರದೆಯ ಮೇಲೆ ಕಂಡದ್ದನ್ನೂ ಬೆಂಚಿನ ಹತ್ತಿರ ತಾನು ಹೇಳಿದ್ದನ್ನೂ ಕೆಳಗೆ ಈಗ ಆದದ್ದನ್ನೂ ಒಂದೂ ಬಿಡದೆ ಹೇಳಿದ. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಸರ್ಜನ್ ತೆರೆದು ನೋಡೋಣ ಅಂದಿದ್ದಾರಲ್ಲ ಮಾವ ಅಂತ ಅದನ್ನೇ ಹೇಳಿದಳು. ತೆರೆದರೆ ಆ ಗಾಯ ಕೂಡುವಷ್ಟು ಶಕ್ತಿ ಅಕ್ಕನ ಮೈಯಲ್ಲಿ ಇಲ್ಲ ಅಂದ. ಅಷ್ಟು ಹೊತ್ತಿಗೆ ಅವಳ ಮುಖ ಕೆಂಪೇರಿತ್ತು. ಮೂಲೇಲಿದೆ ಅಂದೋರು ಯಾರು, ಬೇರೆ ಆಸ್ಪತ್ರೆ ಹುಡುಕು ಅಂದೋರು ಯಾರು, ಈಗ ಹಿಂದಿನ ದಿನ ಬಂದು ಅಮ್ಮನ ಕಿವಿಗೆ ಸಾವು ಊದಿದೋರು ಯಾರು ಅಂತ ಒಂದೊಂದಕ್ಕೂ ದನಿ ಏರಿಸುತ್ತ ಹೋದಳು. ಫ್ಲಾಸ್ಕನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ನನ್ನಮ್ಮನ್ನ ನೀವೇ ಕೊಂದ್ರಿ ಮಾವ."

ಅವನು ಒಳಕೋಣೆಯ ಕಡೆ ನೋಡಿ ಬಾಗಿಲನ್ನು ಸದ್ದಾಗದ ಹಾಗೆ ಮುಂದೆ ಮಾಡಿದ.

"ಅನ್ನು ತಾಯಿ, ಏನು ಬೇಕಾದ್ರೂ ಅನ್ನು. ಮೆಲ್ಲಗೆ ಅನ್ನು. ಅಕ್ಕ ಈಗ ಮಲಗಿದ್ದಾಳೆ."