ಕೋಟೆಯ ಒಳಬಾಗಿಲು

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಕೋಟೆಯ ಗೋಡೆಗೆ ಮೂರನೆಯ ಏಣಿ ಒರಗಿತು. ಅದನ್ನು ನೂಕಿಬಿಡಲು ಪ್ರತಾಪ್ ಗುರಾಣಿ ಸಮೇತ ಓಡಿದ. ಹೆಡ್‌ಫೋನಿನೊಳಗಿಂದ ಮಗಳು ತಮಿಳಿನಲ್ಲಿ ತಡೆದಳು.

"ಇಪ್ಪ ವೇಂಡಾಂ ಪಾ. ಮೂಣು ಪೇರ್ ಏರಟ್ಟುಂ."

ಈಗ ಬೇಡ, ಮೂವರು ಹತ್ತಲಿ, ಆಮೇಲೆ ನೂಕು ಎಂದು. ಖಾಲಿ ಏಣಿಯನ್ನು ನೂಕಿದರೆ ಬೀಳುವುದು ಏಣಿ ಮಾತ್ರ, ಶತ್ರು ಅದನ್ನೇ ಎತ್ತಿ ಮತ್ತೆ ಒರಗಿಸುತ್ತಾನೆ. ಹನ್ನೆರಡು ವರ್ಷದ ವಿಭಾಳಿಗೆ ನೀರು ಕುಡಿದಷ್ಟು ಸಲೀಸಾದ ಈ ವಿದ್ಯೆ ಎಂಟು ಶನಿವಾರ ಕಳೆದರೂ ಅವಳಪ್ಪನ ತಲೆಗೆ ಹತ್ತಿರಲಿಲ್ಲ. ಅವಳು ಅಡ್ಯಾರಿನಲ್ಲಿ ತಾಯಿಯ ತವರುಮನೆಯಲ್ಲಿ ಕೂತಿದ್ದಳು. ಅವನು ಅದೇ ಊರಿನ ವೆಸ್ಟ್ ಮಾಂಬಲಂನ ಬಾಡಿಗೆ ಕೋಣೆಯಲ್ಲಿ, ಬನಿಯನ್ನಿನಲ್ಲಿ, ಲ್ಯಾಪ್‌ಟಾಪಿನ ಮುಂದೆ ಬೆವರುತ್ತಿದ್ದ. ಕೋಟೆ ಇದ್ದದ್ದು ಕಂಪ್ಯೂಟರಿನೊಳಗೆ.

ರಂಜನಿ ಬೇರೆಯಾದ ಮೇಲೆ ಕೋರ್ಟು ಅವನಿಗೆ ಕೊಟ್ಟದ್ದು ಶನಿವಾರದ ಒಂದು ಗಂಟೆ, ನಾಲ್ಕರಿಂದ ಐದು. ಮೊದಮೊದಲು ವಿಡಿಯೋದಲ್ಲಿ ಮಾತು. ಮಗಳು ಮೇಲಿನ ಫ್ಯಾನನ್ನು ನೋಡುತ್ತ ಉಂ, ಇಲ್ಲ, ಸರಿ ಎನ್ನುವಳು. ಏಳು ನಿಮಿಷಕ್ಕೆಲ್ಲ ಇಬ್ಬರಿಗೂ ಸಾಕಾಗುವುದು. ಆಮೇಲೆ ಫೋನಿಗೆ ಬರುವುದನ್ನೇ ಬಿಟ್ಟಳು. ಕ್ಲಾಸಿನ ಹುಡುಗರ ಜೊತೆ ಕೋಟೆ ಕಾಯುವ ಆಟ ಆಡುತ್ತಾಳೆಂದು ತಿಳಿದದ್ದೇ ತಡ, ಮಂಡ್ಯ ಕಡೆಯ ಈ ಮನುಷ್ಯ ನಾಚಿಕೆ ಬಿಟ್ಟು ಅವರ ದಳದಲ್ಲಿ ಕಾಲಾಳಾಗಿ ಸೇರಿಕೊಂಡ.

ಆಟಕ್ಕೊಂದು ನಿಯಮವಿತ್ತು. ಸತ್ತವರ ಮಾತು ಬದುಕಿದವರಿಗೆ ಕೇಳದು, ಬದುಕಿದವರದು ಸತ್ತವರಿಗೆ ಕೇಳದು. ಮೊದಲ ಶನಿವಾರ ಪ್ರತಾಪ್ ನಾಲ್ಕೇ ನಿಮಿಷಕ್ಕೆ ಸತ್ತು, ಉಳಿದ ಹೊತ್ತೆಲ್ಲ ಸತ್ತ ಹುಡುಗರ ನಡುವೆ ಕೂತು ಅವರು ಗಣಿತದ ಮೇಷ್ಟರನ್ನು ಬೈಯುವುದನ್ನು ಕೇಳಿದ. ವಿಭಾ ಮಾತ್ರ ಸುಲಭಕ್ಕೆ ಸಾಯುವವಳಲ್ಲ. ಅವಳ ದನಿ ಬೇಕಾದರೆ ತಾನೂ ಬದುಕಿರಬೇಕೆಂದು ಅವನು ಗುರಾಣಿ ಹಿಡಿಯುವುದನ್ನು ಕಲಿತ.

ಈ ಶನಿವಾರ ಮಾತ್ರ ಉಳಿದವುಗಳ ಹಾಗಲ್ಲ. ಗುರುವಾರ ರಂಜನಿ ಮೆಸೇಜ್ ಹಾಕಿದ್ದಳು: ಸೋಮವಾರ ವಿಭಾಳನ್ನು ಏರ್ಕಾಡಿನ ಹಾಸ್ಟೆಲ್ ಶಾಲೆಗೆ ಸೇರಿಸುತ್ತಿದ್ದೇವೆ, ದಸರಾ ರಜೆಯವರೆಗೆ ಫೋನು, ಕಂಪ್ಯೂಟರು, ಭೇಟಿ ಯಾವುದೂ ಇಲ್ಲ. ನಿನಗೆ ಇಷ್ಟವಿದ್ದೇ ಹೋಗುತ್ತಿದ್ದೀಯಾ ಎಂಬ ಒಂದೇ ಒಂದು ಪ್ರಶ್ನೆಯನ್ನು ಪ್ರತಾಪ್ ಮಗಳಿಗೆ ಕೇಳಬೇಕಿತ್ತು. ಇಲ್ಲ ಎಂದಳೋ, ಯಾರ ಕಾಲನ್ನಾದರೂ ಹಿಡಿದು ನಿಲ್ಲಿಸುತ್ತಿದ್ದ. ನಾಲ್ಕು ಗಂಟೆಗೆ ಬಾಯಿ ತೆರೆದಿದ್ದ. ಅಪ್ಪುರಂ ಪಾ, ಆಮೇಲೆ ಎಂದಿದ್ದಳು. ಯುದ್ಧದ ನಡುವೆ ಬೇರೆ ಮಾತು ಬೇಡವೆಂದು ದಳದ ನಾಯಕ ಧನುಷ್, ಅವಳ ಕ್ಲಾಸಿನವನೇ, ಅಂಕಲ್‌ಗೆ ಮರ್ಯಾದೆಯಿಂದಲೇ ಗದರಿದ್ದ.

ಮೂವರು ಹತ್ತಿದರು. ಪ್ರತಾಪ್ ನೂಕಿದ. ಅವನ ಜನ್ಮದಲ್ಲಿ ಮೊದಲ ಸಲ ಏಣಿ ಆಳುಗಳ ಸಮೇತ ಕಂದಕಕ್ಕೆ ಬಿತ್ತು. "ಸೂಪರ್ ಪಾ," ಎಂದಳು ವಿಭಾ. ಆ ಒಂದು ಮಾತಿಗೆ ಅವನ ಕಣ್ಣು ಮಂಜಾಗಿ ಪಕ್ಕದ ಏಣಿಯೇ ಕಾಣಲಿಲ್ಲ.

ನಾಲ್ಕೂ ನಲವತ್ತಕ್ಕೆ ಶತ್ರುಗಳು ದೊಡ್ಡ ಮರದ ದಿಮ್ಮಿ ತಂದು ಹೊರಬಾಗಿಲನ್ನು ಗುದ್ದತೊಡಗಿದರು. ಧನುಷ್ ಸತ್ತ. ಒಬ್ಬೊಬ್ಬರಾಗಿ ಉಳಿದ ಹುಡುಗರೂ ಹೋದರು. ಬಾಗಿಲು ಮುರಿದಾಗ ಅಪ್ಪ ಮಗಳು ಇಬ್ಬರೇ, ಗುರಾಣಿಗೆ ಗುರಾಣಿ ತಾಗಿಸಿ, ಇಕ್ಕಟ್ಟಾದ ಓಣಿಯಲ್ಲಿ ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದರು. ಬುರುಜಿನ ಒಳಬಾಗಿಲಿಗೆ ಬಂದಾಗ ಕೇಳಿಬಿಡೋಣವೆಂದು ಪ್ರತಾಪ್ ಉಸಿರೆಳೆದುಕೊಂಡ.

"ಉಳ್ಳ ಪೋ ಪಾ. ಕದವ ಮೂಡು," ಎಂದಳು. ಒಳಗೆ ಹೋಗು, ಬಾಗಿಲು ಹಾಕು. ಅವಳು ಹೊರಗೇ ನಿಂತಳು.

ಅವಳು ಹೇಳಿದ್ದನ್ನು ಮಾಡಿ ರೂಢಿಯಾಗಿದ್ದ ಕೈ ಬಾಗಿಲು ಹಾಕಿತು, ಅಗುಳಿ ಜಡಿಯಿತು. ಆಚೆ ಮೂರು ಈಟಿಯ ಸದ್ದಾಯಿತು. ಪರದೆಯ ಮೂಲೆಯಲ್ಲಿ ಅವಳ ಹೆಸರು ಕೆಂಪಾಯಿತು. ಆಮೇಲೆ ಕಿವಿಯೊಳಗೆ ಏನೇನೂ ಇಲ್ಲ.

ನಾಲ್ಕೂ ಐವತ್ತೆರಡು. ಸಹಾಯದ ಸೇನೆ ಬರಲು ಹನ್ನೊಂದು ನಿಮಿಷ, ಅಲ್ಲಿಯವರೆಗೆ ಬಾಗಿಲು ತಡೆದರೆ ಗೆಲುವು ಎಂದು ಪರದೆ ಸಾರುತ್ತಿತ್ತು. ಐದಕ್ಕೆ ಸರಿಯಾಗಿ ರಂಜನಿಯ ತಂದೆ ವಿಷ್ಣುತೀರ್ಥರು ಬಂದು ಮೊಮ್ಮಗಳ ಲ್ಯಾಪ್‌ಟಾಪನ್ನು ಮುಚ್ಚುತ್ತಾರೆ. ಗಡಿಯಾರ ತಪ್ಪೀತು, ಅವರು ತಪ್ಪರು. ಆಟ ಬಿಟ್ಟು ಎದ್ದರೆ ಈ ಸುತ್ತು ಮುಗಿಯುವ ತನಕ ಮತ್ತೆ ಒಳಗೆ ಸೇರಿಸದು. ಪ್ರತಾಪ್ ರಂಜನಿಗೆ ಫೋನು ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ. ಉಳಿದ ದಾರಿ ಒಂದೇ, ಬೇಗ ಸಾಯುವುದು.

ಹಾಳು ಬಾಗಿಲು ಅಲುಗಲಿಲ್ಲ. ಹೋದ ವಾರ ಮಗಳು ಮೆಚ್ಚಲಿ ಎಂದು ಅವನೇ ಅದಕ್ಕೆ ಎರಡು ಪದರ ಕಬ್ಬಿಣ ಹೊಡೆಸಿದ್ದ. ಅವನು ಅಗುಳಿ ತೆಗೆದ, ಬಾಗಿಲನ್ನು ತಾನೇ ಹಾರುಹೊಡೆದ. ಶತ್ರುಗಳು ಒಳನುಗ್ಗಲಿಲ್ಲ! ಬಾಗಿಲು ತಾನಾಗಿ ತೆರೆದರೆ ಒಳಗೆ ಕಾದ ಎಣ್ಣೆಯಿರುತ್ತದೆಂದು ಕಲಿತವರು ಅವರು; ಗುರಾಣಿ ಜೋಡಿಸಿ ಹತ್ತು ಹೆಜ್ಜೆ ಹಿಂದೆ ಸರಿದು, ಜಾಣರ ಹಾಗೆ ಕಾಯುತ್ತ ನಿಂತರು. ಐವತ್ತೈದು. ಬನ್ರೋ, ಬನ್ರೋ ಎಂದು ಪ್ರತಾಪ್ ಗೋಗರೆದ. ಅವನ ಮಾತು ಶತ್ರುವಿಗೂ ಕೇಳದು, ಸತ್ತವರಿಗೂ ಕೇಳದು, ಮಾಂಬಲಂ ಸ್ಟೇಷನ್ನಿಗೆ ಬರುತ್ತಿದ್ದ ರೈಲಿನ ಸದ್ದಿನಲ್ಲಿ ಅವನಿಗೇ ಸರಿಯಾಗಿ ಕೇಳಲಿಲ್ಲ. ಗುರಾಣಿ ಬಿಸಾಡಿ, ಈಟಿ ಬಿಸಾಡಿ, ಬರಿಗೈಯಲ್ಲಿ ಅವರ ಮೇಲೆ ಓಡಿದ.

ಐವತ್ತಾರಕ್ಕೆ ಸತ್ತ.

ಸತ್ತವರ ಲೋಕದಲ್ಲಿ ಗಲಾಟೆಯೋ ಗಲಾಟೆ. ಗೆಲ್ಲುವ ಆಟವನ್ನು ಅಂಕಲ್ ಕೈಯಾರೆ ಹಾಳು ಮಾಡಿದರೆಂದು ಹುಡುಗರು ತಮಿಳಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. ವಿಭಾಳ ದನಿಯೊಂದೇ ಇಲ್ಲ.

"ವಿಭಾ, ಇದ್ದೀಯೇನವ್ವ?"

"ಯಾಕಪ್ಪಾ ಬಾಗ್ಲು ತೆಗ್ದೆ? ಎಲ್ರೂ ನೋಡ್ತಿದ್ವಿ. ನೀನು ಗೆಲ್ತಿದ್ದೆ."

"ನಿನ್ ಮಾತು ಕೇಳ್ತಿರ್ನಿಲ್ಲ ಕಣವ್ವ."

ಹುಡುಗರು ಒಬ್ಬೊಬ್ಬರಾಗಿ ಸುಮ್ಮನಾದರು. ಮಗಳು ಕನ್ನಡದಲ್ಲಿ ಮಾತಾಡಿದಳೆಂದು ಪ್ರತಾಪನಿಗೆ ಹೊಳೆದದ್ದು ಆಗ. ವರ್ಷದಿಂದ ಅವಳ ಬಾಯಲ್ಲಿ ಒಂದು ಕನ್ನಡದ ಅಕ್ಷರ ಕೇಳಿರಲಿಲ್ಲ.

"ಏನೋ ಕೇಳ್ಬೇಕು ಅಂದ್ಯಲ್ಲ," ಎಂದಳು ಮೆಲ್ಲಗೆ. "ಕನ್ನಡದಲ್ಲೇ ಕೇಳು. ಇವರಿಗೆ ಯಾರ್ಗೂ ಗೊತ್ತಾಗಲ್ಲ."

ಎರಡು ದಿನದಿಂದ ಉರು ಹೊಡೆದ ಮಾತು ನಾಲಿಗೆಯ ತುದಿಗೆ ಬಂತು. ಇಷ್ಟ ಇದ್ದೇ ಹೋಗುತ್ತಿದ್ದೇನೆ ಎಂದುಬಿಟ್ಟರೆ? ಆ ಭಯ ಇಷ್ಟು ಹೊತ್ತು ಎಲ್ಲಿ ಅಡಗಿತ್ತೋ, ಈಗ ಎದುರಿಗೆ ಬಂದು ನಿಂತಿತು.

"ಊಟ ಆಯ್ತಾ?" ಎಂದು ಕೇಳಿದ.

"ಆಯ್ತು. ಸಾರು, ಅನ್ನ. ಅಜ್ಜಿ ಹಪ್ಪಳ ಕರ್ದಿದ್ರು."

"ಎಷ್ಟು ತಿಂದೆ?"

"ಎರಡು." ಹಿಂದೆಲ್ಲೋ ಕುರ್ಚಿ ಸರಿದ ಸದ್ದು, ಹತ್ತಿರವಾಗುತ್ತಿದ್ದ ಚಪ್ಪಲಿಯ ಸದ್ದು. ವಿಭಾ ಬಾಯಿಯನ್ನು ಮೈಕಿಗೆ ತೀರ ಹತ್ತಿರ ತಂದು ಅವಸರವಾಗಿ ಕೇಳಿದಳು, "ಅಪ್ಪಾ, ದಸರಾಗೆ ಎಷ್ಟು ದಿನ ಇದೆ?"

"ತಡಿಯವ್ವ, ಹೇಳ್ತೀನಿ," ಎಂದ ಪ್ರತಾಪ್. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳಿಟ್ಟ. "ಜೂನಲ್ಲಿ ಇನ್ನು ಹದ್ನೇಳು. ಜುಲೈ ಮೂವತ್ತೊಂದು. ಅಲ್ಲಿಗೆ ನಲವತ್ತೆಂಟು."

ಐದು ಗಂಟೆಯಾಯಿತು. ಪರದೆಯಿಂದ ಅವಳ ಹೆಸರು ಅಳಿಸಿಹೋಯಿತು. ಸತ್ತ ಹುಡುಗರು ಉಸಿರು ಬಿಡದೆ ಕೇಳುತ್ತಿದ್ದರು. ಪ್ರತಾಪ್ ಆಗಸ್ಟನ್ನು ಕೂಡಿಸಿದ, ತಪ್ಪಿತೆನ್ನಿಸಿ ಮತ್ತೆ ಮೊದಲ ಬೆರಳಿಗೆ ಬಂದ.